ಟೋಕಿಯೋದಲ್ಲಿ ಮೋರಿ ನೋಡಲು ಹೊರಟ ಚಿಕ್ಕಮ್ಮ

“ವಾಣಿ, ಇಲ್ಲಿ ಮೋರಿ ಎಲ್ಲಿದೆ, ತೋರಿಸ್ತೀಯಾ?”

ಜಪಾನಿಗೆ ಬಂದಿಳಿದ ಮೂರನೆಯ ದಿನ ಬೆಳಗ್ಗೆ, ಕಾಫಿ ಲೋಟ ಕೆಳಗಿಡುತ್ತ ನಮ್ಮ ವಿಶಾಲು ಚಿಕ್ಕಮ್ಮ ಕೇಳಿದ ಪ್ರಶ್ನೆ ಇದು. ನಾನು ಫೋನಿನಲ್ಲಿ ಫ್ಯೂಜಿ ಪರ್ವತಕ್ಕೆ ಬಸ್ ಟಿಕೆಟ್ ಬುಕ್ ಮಾಡುತ್ತಿದ್ದೆ. ಬೆರಳು ಅಲ್ಲೇ ನಿಂತಿತು.

ಪ್ರತಿ ವಾರ ಈ ಅಂಕಣ ಓದುವ ನಿಮ್ಮಲ್ಲಿ ಒಬ್ಬರಾದರೂ ನನಗೆ ಮೇಲ್ ಬರೆಯುತ್ತೀರಿ. ಜಪಾನಿಗೆ ಏಳು ದಿನದ ಟ್ರಿಪ್ ಮೇಡಂ, ಏನೇನು ನೋಡಬೇಕು? ನಾನು ಒಂದೇ ಉತ್ತರವನ್ನು ಎಲ್ಲರಿಗೂ ಕಾಪಿ ಪೇಸ್ಟ್ ಮಾಡಿ ಕಳಿಸುತ್ತೇನೆ. (ಕ್ಷಮಿಸಿ, ಇವತ್ತು ಒಪ್ಪಿಕೊಂಡೆ.) ಫ್ಯೂಜಿ, ಟವರ್, ಕೆಂಪು ಕಮಾನಿನ ದೇವಸ್ಥಾನ, ಬುಲೆಟ್ ಟ್ರೇನ್. ಚಿಕ್ಕಮ್ಮನಿಗೂ ಅದೇ ಲಿಸ್ಟ್ ಪ್ರಿಂಟ್ ಮಾಡಿ ಇಟ್ಟಿದ್ದೆ. ಅವರು ಕನ್ನಡಕ ಏರಿಸಿ ಪೂರ್ತಿ ಓದಿದರು. ಚೆನ್ನಾಗಿದೆ ಎಂದರು. ಇದೆಲ್ಲ ಫೋನಲ್ಲೇ ಕಾಣುತ್ತಲ್ಲ ಎಂದರು. ಆಮೇಲೆ ಮೋರಿ ಕೇಳಿದರು.

ಚಿಕ್ಕಮ್ಮನ ಪರಿಚಯ ಮಾಡಿಕೊಡಬೇಕು. ನನ್ನ ಅಮ್ಮನ ತಂಗಿ. ಅರವತ್ತೇಳು ವರ್ಷ. ನಮ್ಮ ಕಡೆಯ ಒಂದು ನಗರಸಭೆಯಲ್ಲಿ ಮೂವತ್ತು ವರ್ಷ ಎಂಜಿನಿಯರ್ ಆಗಿದ್ದವರು. (ಊರಿನ ಹೆಸರು ಬೇಡ. ರಜೆಗೆ ನಾನು ಅಲ್ಲಿಗೆ ಹೋಗಬೇಕು.) ರಸ್ತೆಯಲ್ಲ, ಕಟ್ಟಡವಲ್ಲ, ಒಳಚರಂಡಿ ಮತ್ತು ಮಳೆನೀರಿನ ಕಾಲುವೆ. ಮದುವೆ ಮನೆಗಳಲ್ಲಿ ನಾವೆಲ್ಲ “ನಮ್ಮ ಚಿಕ್ಕಮ್ಮ ಎಂಜಿನಿಯರ್” ಎಂದು ಹೆಮ್ಮೆಯಿಂದ ಹೇಳುತ್ತಿದ್ದೆವು. ಯಾವುದರ ಎಂಜಿನಿಯರ್ ಎಂದು ಯಾರಾದರೂ ಕೇಳುವ ಮೊದಲೇ ಮಾತು ಬದಲಿಸುತ್ತಿದ್ದೆವು.

ಹಾಗಾಗಿ ಮೊದಲ ವಾರ ನಾನು ಅವರನ್ನು ಕರೆದುಕೊಂಡು ತಿರುಗಿದ್ದು ಟೋಕಿಯೋ ಪಕ್ಕದಲ್ಲಿ ನಾನಿರುವ ಗ್ಯೋಟೋಕುವಿನ ಬೀದಿಗಳಲ್ಲಿ, ತಲೆ ಬಗ್ಗಿಸಿಕೊಂಡು. ಜಪಾನಿನಲ್ಲಿ ಮ್ಯಾನ್‌ಹೋಲ್ ಮುಚ್ಚಳಗಳ ಮೇಲೆ ಚಿತ್ರ ಇರುತ್ತದೆ. ಒಂದೊಂದು ಊರಿಗೆ ಒಂದೊಂದು: ಹೂವು, ಹಕ್ಕಿ, ಕೋಟೆ, ಮೀನು. ಕೆಲವಕ್ಕೆ ಬಣ್ಣವೂ ಉಂಟು. ಒಂಬತ್ತು ವರ್ಷ ಅವುಗಳ ಮೇಲೆಯೇ ನಡೆದು ಸ್ಟೇಷನ್ ಸೇರಿದವಳು ನಾನು. ಒಂದನ್ನೂ ನೋಡಿರಲಿಲ್ಲ. ಚಿಕ್ಕಮ್ಮ ಒಂದೊಂದರ ಮುಂದೆಯೂ ನಿಂತು, ಬಗ್ಗಿ, ಫೋಟೋ ತೆಗೆದರು. ಆಫೀಸಿಗೆ ಓಡುವ ಜನ ಅವರನ್ನು ಸುತ್ತಿಕೊಂಡು ಹೋದರು. ಒಬ್ಬರೂ ಗೊಣಗಲಿಲ್ಲ.

ಆದರೆ ಅವರಿಗೆ ಬೇಕಿದ್ದದ್ದು ಮುಚ್ಚಳವಲ್ಲ. ಮುಚ್ಚಳದ ಕೆಳಗೆ ಏನಿದೆ ಎಂಬುದು.

ದಾರಿ ಸಿಕ್ಕಿದ್ದು ಶಿನಾಗಾವಾದ ನನ್ನ ಆಫೀಸಿನಲ್ಲಿ. ನನ್ನ ಪಕ್ಕದ ಸೀಟಿನ ಸಹೋದ್ಯೋಗಿಯ ಹೆಸರು ಮೋರಿ ಸಾನ್. (ಸಾನ್ ಎಂದರೆ ನಮ್ಮ ‘ಅವರು’ ಇದ್ದಂತೆ. ಜಪಾನಿ ಭಾಷೆಯಲ್ಲಿ ಮೋರಿ ಎಂದರೆ ಕಾಡು. ನಮ್ಮ ಭಾಷೆಯಲ್ಲಿ ಅದೇನು ಎಂದು ಅವರಿಗೆ ಇನ್ನೂ ಹೇಳಿಲ್ಲ. ಹೇಳುವುದೂ ಇಲ್ಲ.) ಐವತ್ತು ದಾಟಿದ ಮಿತಭಾಷಿ ಹೆಂಗಸು. ಊಟದ ಹೊತ್ತಿನಲ್ಲಿ ಚಿಕ್ಕಮ್ಮನ ಬೇಡಿಕೆ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಟೋಕಿಯೋದ ಉತ್ತರಕ್ಕೆ ಸೈತಾಮಾದಲ್ಲಿ ನೆಲದಡಿಯಲ್ಲಿ ಒಂದು ಭಾರೀ ತೊಟ್ಟಿ ಇದೆ ಎಂದರು. ಜೋರು ಮಳೆ ಬಂದಾಗ ಸಣ್ಣ ನದಿಗಳು ಉಕ್ಕಿ ಮನೆಗಳಿಗೆ ನುಗ್ಗದಂತೆ, ಹೆಚ್ಚಾದ ನೀರನ್ನು ಸುರಂಗದಲ್ಲಿ ಎಳೆದುಕೊಂಡು, ಆ ತೊಟ್ಟಿಯ ಮೂಲಕ ದೊಡ್ಡ ನದಿಗೆ ಪಂಪ್ ಮಾಡುತ್ತಾರೆ. ಮಳೆಯಿಲ್ಲದ ದಿನ ಒಳಗೆ ಇಳಿದು ನೋಡಬಹುದು.

ಆದರೆ ಎರಡು ಷರತ್ತು. ಒಂದು, ನೂರಕ್ಕೂ ಹೆಚ್ಚು ಮೆಟ್ಟಿಲನ್ನು ಯಾರ ಸಹಾಯವೂ ಇಲ್ಲದೆ ಇಳಿದು ಹತ್ತಬೇಕು, ಲಿಫ್ಟ್ ಇಲ್ಲ. ಎರಡು, ಸುರಕ್ಷತೆಯ ಸೂಚನೆ ಎಲ್ಲ ಜಪಾನಿ ಭಾಷೆಯಲ್ಲಿ. ಒಟ್ಟಿಗೆ ಬುಕ್ ಮಾಡುವವರಲ್ಲಿ ಅದು ಅರ್ಥವಾಗುವ ಒಬ್ಬರಾದರೂ ಇರಲೇಬೇಕು.

ಚಿಕ್ಕಮ್ಮನ ಬಲಮೊಣಕಾಲು ಐದು ವರ್ಷದಿಂದ ಮುಷ್ಕರ ಹೂಡಿದೆ. ನನ್ನ ಜಪಾನೀಸ್ ಒಂಬತ್ತು ವರ್ಷದಿಂದ.

ಎರಡನೆಯದಕ್ಕೆ ಮೋರಿ ಸಾನ್ ತಾವೇ ಬರುತ್ತೇನೆ ಎಂದರು. ಮೊದಲನೆಯದಕ್ಕೆ ಚಿಕ್ಕಮ್ಮ ಅವತ್ತೇ ಶುರು ಮಾಡಿದರು. ನಮ್ಮದು ನಾಲ್ಕನೆಯ ಮಹಡಿ. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಮೆಟ್ಟಿಲು ಇಳಿದು ಹತ್ತುವುದು. ಎರಡನೆಯ ವಾರಕ್ಕೆ ಎರಡೆರಡು ಸಲ. ಕೈಯಲ್ಲಿ ಕೊಬ್ಬರಿ ಎಣ್ಣೆಯ ಸಣ್ಣ ಬಾಟಲಿ. ಪ್ರತಿ ಮಹಡಿಯಲ್ಲಿ ಕೂತು ಮೊಣಕಾಲಿಗೆ ಸವರುವುದು. ಕೆಳಗಿನ ಮನೆಯ ಅಜ್ಜಿ ದಿನಾ ಬಾಗಿಲು ತೆರೆದು ನೋಡುತ್ತಿದ್ದವರು ಮೂರನೆಯ ವಾರ ಮೆಟ್ಟಿಲ ತಿರುವಿನಲ್ಲಿ ಒಂದು ಸ್ಟೂಲ್ ಇಟ್ಟರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಸ್ಟೂಲಿಗೆ ಭಾಷೆ ಬೇಕೇ?

ಜೂನ್ ತಿಂಗಳಿಗೆ ಬುಕಿಂಗ್ ಸಿಕ್ಕಿತು. ಹಿಂದಿನ ದಿನ ಧೋ ಎಂದು ಮಳೆ. ಬೆಳಗ್ಗೆ ಮೇಲ್ ಬಂತು: ತೊಟ್ಟಿಗೆ ನೀರು ಬಂದಿರುವುದರಿಂದ ಇಂದು ಪ್ರವೇಶವಿಲ್ಲ. ಹೇಗೆ ಹೇಳುವುದು ಎಂದು ನಾನು ಒದ್ದಾಡುತ್ತಿದ್ದರೆ ಚಿಕ್ಕಮ್ಮನ ಮುಖ ಅರಳಿತು.

“ಅಂದ್ರೆ ಕೆಲಸ ಮಾಡ್ತಿದೆ ಅಂತಾಯ್ತು” ಎಂದರು.

ಮತ್ತೆ ಸಿಕ್ಕ ದಿನ ಅವರ ವಾಪಸ್ ವಿಮಾನಕ್ಕೆ ಎರಡು ದಿನ ಮೊದಲು. ಅದೂ ತಪ್ಪಿದರೆ ಇನ್ನೊಂದು ಅವಕಾಶವಿಲ್ಲ. ಹಿಂದಿನ ದಿನ ಸಂಜೆ ನಾನು ಆಕಾಶ ನೋಡುತ್ತಿದ್ದೆ. ಆಕಾಶ ನಿರ್ಮಲವಾಗಿತ್ತು. ಆಗ ಮೋರಿ ಸಾನ್ ಅವರ ಮೆಸೇಜ್ ಬಂತು. ಜ್ವರ. ತೀರಾ ಜೋರು. ಕ್ಷಮಿಸಿ, ಕ್ಷಮಿಸಿ, ಕ್ಷಮಿಸಿ.

ನಾನು ಚಿಕ್ಕಮ್ಮನಿಗೆ ಹೇಳಿದೆ. ಬಿಟ್ಟುಬಿಡೋಣ ಎಂದೆ. ನಾಳೆ ಬೇರೆ ಏನಾದರೂ ವಿಚಿತ್ರವಾದದ್ದನ್ನೇ ತೋರಿಸುತ್ತೇನೆ. ಹೊಟ್ಟೆಯ ಹುಳುಗಳಿಗೇ ಮೀಸಲಾದ ಮ್ಯೂಸಿಯಂ ಒಂದಿದೆ, ಮನುಷ್ಯರ ಮುಖದಂತಿರುವ ಕಲ್ಲುಗಳನ್ನು ಕೂಡಿಟ್ಟ ಜಾಗ ಒಂದಿದೆ ಎಂದೆ. ಜಪಾನಿನಲ್ಲಿ ವಿಚಿತ್ರಕ್ಕೇನು ಬರ?

ಅದಕ್ಕೆ ಅವರು, ನನಗೆ ಅದುವರೆಗೆ ಗೊತ್ತೇ ಇರದಿದ್ದ ಒಂದು ಕತೆ ಹೇಳಿದರು.

ಅವರ ಊರಿನ ತಗ್ಗಿನಲ್ಲಿ ಒಂದು ಕೇರಿ. ಪ್ರತಿ ಮಳೆಗಾಲ ಮನೆಗಳಿಗೆ ನೀರು ನುಗ್ಗುತ್ತಿತ್ತು. ಅಕ್ಕಿ ಮೂಟೆ, ಮಕ್ಕಳ ಪುಸ್ತಕ, ಹಾಸಿಗೆ, ಎಲ್ಲ ನೆಂದು ಹೋಗುತ್ತಿತ್ತು. ಚಿಕ್ಕಮ್ಮ ಎರಡು ವರ್ಷ ಕೂತು ಒಂದು ಯೋಜನೆ ಬರೆದರು: ಪಕ್ಕದ ಸಂತೆ ಮೈದಾನದ ಅಡಿಯಲ್ಲಿ ಒಂದು ತೊಟ್ಟಿ. ಜೋರು ಮಳೆಯ ನೀರು ಮೊದಲು ಅಲ್ಲಿ ನಿಲ್ಲಬೇಕು, ಆಮೇಲೆ ನಿಧಾನವಾಗಿ ಕೆರೆಗೆ ಹೋಗಬೇಕು. ಕೆಲವರು ನಕ್ಕರು. ಆದರೂ ಫೈಲು ಮುಂದೆ ಹೋಯಿತು. ಒಪ್ಪಿಗೆ ಸಿಗುವುದರಲ್ಲಿತ್ತು. ಕೊನೆಯ ಮೀಟಿಂಗಿನಲ್ಲಿ ಚಿಕ್ಕಮ್ಮನೇ ಒಂದು ಪ್ರಶ್ನೆ ಎತ್ತಿದರು: ತೊಟ್ಟಿಯಲ್ಲಿ ನಿಲ್ಲುವ ಹೂಳನ್ನು ತೆಗೆಯುವುದು ಹೇಗೆ?

ಮೇಲಧಿಕಾರಿ ಕೊಟ್ಟ ಉತ್ತರ: ಅದಕ್ಕೆ ಜನ ಇದ್ದಾರಲ್ಲ ಮೇಡಂ, ಇಳೀತಾರೆ.

ಹಾಗೆ ಮ್ಯಾನ್‌ಹೋಲಿಗೆ ಇಳಿದವರನ್ನು ಚಿಕ್ಕಮ್ಮ ನೋಡಿದ್ದರು. ಒಂದು ಸಲ, ಇಳಿದ ಇಬ್ಬರಲ್ಲಿ ಒಬ್ಬರೇ ಮೇಲೆ ಬಂದದ್ದನ್ನೂ ನೋಡಿದ್ದರು.

“ಮಾರನೇ ದಿನ ನಾನೇ ಹೋಗಿ ಫೈಲು ವಾಪಸ್ ತಗೊಂಡೆ ಕಣೇ” ಎಂದರು. “ಮನುಷ್ಯರನ್ನ ಇಳಿಸದೆ ಅದನ್ನ ಕ್ಲೀನ್ ಮಾಡೋದು ಹೇಗೆ ಅಂತ ನನಗೆ ಹೊಳೀಲಿಲ್ಲ. ರಿಟೈರ್ ಆದೆ. ಆ ಕೇರಿಗೆ ಈಗಲೂ ನೀರು ನುಗ್ಗುತ್ತೆ. ಈ ದೇಶದವರು ಹೇಗೆ ಮಾಡ್ತಾರೆ ಅಂತ ಕೇಳಬೇಕು ನನಗೆ. ಅಷ್ಟೇ. ಅದಕ್ಕೇ ಬಂದಿದ್ದು.”

ನನ್ನನ್ನು ನೋಡಲು ಬಂದಿದ್ದಾರೆ ಎಂದುಕೊಂಡಿದ್ದೆ ನಾನು.

ಹೋಗೋಣ ಎಂದೆ. ಹೇಳಿದ ಮೇಲೆ ಲೆಕ್ಕ ಹಾಕಿದೆ. ಒಂಬತ್ತು ವರ್ಷದ ನನ್ನ ಜಪಾನೀಸ್ ಬಂಡವಾಳ ಇಷ್ಟು: ಸುಮಿಮಾಸೆನ್, ಅರಿಗಾತೋ, ಮತ್ತು ದೈಜೋಬು. ಮೊದಲೆರಡು ‘ಕ್ಷಮಿಸಿ’ ಮತ್ತು ‘ಥ್ಯಾಂಕ್ಸ್’, ಕೊನೆಯದು ‘ಪರವಾಗಿಲ್ಲ’ ಎಂದು. ಕೊಂಬಿನಿಯಲ್ಲಿ, ಅಂದರೆ ಬೀದಿ ಮೂಲೆಯ ಸಣ್ಣ ಅಂಗಡಿಯಲ್ಲಿ, ಕ್ಯಾಷ್ ಕೌಂಟರಿನ ಹುಡುಗಿ ಏನು ಕೇಳಿದರೂ ನನ್ನದು ದೈಜೋಬು. ಚೀಲ ಬೇಕೇ? ದೈಜೋಬು. ಬಿಸಿ ಮಾಡಿಕೊಡಲೇ? ದೈಜೋಬು. ಆಫೀಸಿನಲ್ಲಿ ಇಂಗ್ಲಿಷ್, ಗ್ಯೋಟೋಕುವಿನಲ್ಲಿ ಕನ್ನಡ, ಹಿಂದಿ, ಪಕ್ಕದಲ್ಲೇ ಇಂಡಿಯನ್ ಅಂಗಡಿ. ಕಲಿಯುವ ಅಗತ್ಯವೇ ಬಂದಿರಲಿಲ್ಲ. ಇದನ್ನು ‘ಬಿಡುವಿರಲಿಲ್ಲ’ ಎಂದು ಹೇಳಿಕೊಂಡು ತಿರುಗುತ್ತಿದ್ದೆ. (ನಿಮ್ಮಲ್ಲಿ ಬೆಂಗಳೂರಿಗೆ ಬಂದು ಹತ್ತು ವರ್ಷವಾದರೂ ಕನ್ನಡ ಕಲಿಯದವರನ್ನು ಕಂಡರೆ ಸಿಟ್ಟಾಗುವವರು ಎಷ್ಟು ಮಂದಿ? ನಾನೂ ಅದೇ ಪಾರ್ಟಿ. ಆ ಸಂಜೆ ನಾಚಿಕೆಯಾಯಿತು.)

ಜ್ವರದಲ್ಲೇ ಮೋರಿ ಸಾನ್ ಹನ್ನೆರಡು ಪದ ಬರೆದು ಕಳಿಸಿದರು. ಮೆಟ್ಟಿಲು, ಹಿಡಿದುಕೊಳ್ಳುವ ಕಂಬಿ, ಓಡಬೇಡಿ, ಜಾರುತ್ತದೆ, ಅಪಾಯ, ಹಿಂದೆ ಬನ್ನಿ, ಅರ್ಥವಾಗಲಿಲ್ಲ, ಇನ್ನೊಂದು ಸಲ, ನಿಧಾನವಾಗಿ. ಅಡಿಗೆ ಮಾಡುತ್ತ, ಪಾತ್ರೆ ತೊಳೆಯುತ್ತ ಬಾಯಿಪಾಠ ಮಾಡಿದೆ. ಚಿಕ್ಕಮ್ಮ ಎದುರು ಕೂತು ಪರೀಕ್ಷೆ ತೆಗೆದುಕೊಂಡರು.

ಮರುದಿನ ಮೂರು ರೈಲು ಬದಲಿಸಿ, ಟ್ಯಾಕ್ಸಿ ಹಿಡಿದು ಹೋದೆವು. ಟ್ಯಾಕ್ಸಿ ನಿಂತದ್ದು ಒಂದು ಫುಟ್‌ಬಾಲ್ ಮೈದಾನದ ಮುಂದೆ. ಹುಲ್ಲು, ಬಿಸಿಲು, ಚೆಂಡಿನ ಹಿಂದೆ ಓಡುವ ಒಂದಿಷ್ಟು ಮಂದಿ. ನಾನು ಡ್ರೈವರ್ ದಾರಿ ತಪ್ಪಿದ್ದಾರೆ ಎಂದುಕೊಂಡೆ. ಚಿಕ್ಕಮ್ಮ ಇಳಿದು ಮೈದಾನದ ಅಂಚಿನಲ್ಲಿ ನಿಂತು ಕಾಲಿನಿಂದ ನೆಲ ತಟ್ಟಿದರು. ಇದರ ಕೆಳಗೇ ಇದೆ ಎಂದರು. ಅವರಿಗೆ ಹೇಗೆ ಗೊತ್ತಾಯಿತು? ಅವರೂ ಮೈದಾನದ ಅಡಿಯಲ್ಲೇ ಅಲ್ಲವೇ ಕಟ್ಟಲು ಹೊರಟಿದ್ದು?

ಇಪ್ಪತ್ತು ಜನರ ಗುಂಪು. ನಮ್ಮಿಬ್ಬರನ್ನು ಬಿಟ್ಟರೆ ಎಲ್ಲರೂ ಜಪಾನೀಯರು. ಹೆಲ್ಮೆಟ್ ಧರಿಸಿದ, ಅರವತ್ತರ ಆಸುಪಾಸಿನ ಗೈಡ್ ಸೂಚನೆಗಳನ್ನು ಹೇಳಿದರು. ಉದ್ದವಾಗಿ ಹೇಳಿದರು. ಹನ್ನೆರಡರಲ್ಲಿ ಮೂರು ಪದ ಕೇಳಿಸಿದವು. ಉಳಿದದ್ದು ರೈಲಿನಂತೆ ಹೊರಟುಹೋಯಿತು. ಕೊನೆಗೆ ನನ್ನ ಕಡೆ ತಿರುಗಿ ಏನೋ ಕೇಳಿ, ಸಹಿ ಹಾಕುವ ಕಾಗದ ಮುಂದಿಟ್ಟರು. ನನ್ನ ಬಾಯಿ ತಾನಾಗಿಯೇ ತೆರೆಯಿತು. ದೈಜೋಬು.

ಪೆನ್ನು ಎತ್ತಿಕೊಂಡಿದ್ದೆ. ಏನು ಹೇಳಿದರು ಎಂದು ಚಿಕ್ಕಮ್ಮ ಕೇಳಿದರು. ಹುಷಾರಾಗಿ ಇಳೀಬೇಕಂತೆ ಎಂದೆ. ಅಷ್ಟು ಉದ್ದಕ್ಕೆ ಹೇಳಿದ್ದು ಅಷ್ಟೇನಾ ಎಂದರು. ನಾನು ಕಾಗದದ ಮೇಲೆ ಬಗ್ಗಿದೆ.

ಅವರು ನನ್ನ ಕೈಯ ಮೇಲೆ ಕೈ ಇಟ್ಟರು.

“ಅರ್ಥ ಆಗದೆ ಸಹಿ ಹಾಕಬೇಡ. ಮೂವತ್ತು ವರ್ಷ ಅಂಥ ಸಹಿಗಳನ್ನೇ ನೋಡಿದ್ದೀನಿ ನಾನು. ವಾಪಸ್ ಹೋದ್ರೂ ಪರವಾಗಿಲ್ಲ.”

ಒಂದೂವರೆ ತಿಂಗಳು ಮೆಟ್ಟಿಲು ಹತ್ತಿದ ಹೆಂಗಸು ಹೇಳುವ ಮಾತೇ ಇದು?

ಪೆನ್ನು ಕೆಳಗಿಟ್ಟೆ. ಗೈಡ್ ಕಡೆ ತಿರುಗಿದೆ. ಹದಿನೆಂಟು ಜನ ಕಾಯುತ್ತಿದ್ದರು, ಕಿವಿ ಬಿಸಿಯಾಗಿತ್ತು. ಸುಮಿಮಾಸೆನ್ ಎಂದೆ. ಅರ್ಥವಾಗಲಿಲ್ಲ, ಇನ್ನೊಂದು ಸಲ, ನಿಧಾನವಾಗಿ ಎಂದೆ. ಒಂಬತ್ತು ವರ್ಷದಲ್ಲಿ ನಾನು ಆಡಿದ ಮೊದಲ ನಿಜವಾದ ಜಪಾನೀಸ್ ವಾಕ್ಯ ಅದು.

ಆತನ ಮುಖದಲ್ಲಿ ಬೇಸರ ಕಾಣಲಿಲ್ಲ. ಹೆಲ್ಮೆಟ್ ತೆಗೆದು ಮೇಜಿನ ಮೇಲಿಟ್ಟು, ಮೊದಲಿನಿಂದ ಶುರು ಮಾಡಿದರು. ಒಂದೊಂದು ಸೂಚನೆಗೂ ನಿಲ್ಲಿಸಿ, ಕೈಯಲ್ಲಿ ತೋರಿಸಿ, ನಾನು ಅದನ್ನು ಚಿಕ್ಕಮ್ಮನಿಗೆ ಕನ್ನಡದಲ್ಲಿ ಹೇಳುವವರೆಗೆ ಕಾದರು. ಕೊನೆಗೆ ಪರೀಕ್ಷೆ. ಸೈರನ್ ಆದರೆ ಏನು ಮಾಡುತ್ತೀರಿ? ನಾನು ಪದ ಪದ ಜೋಡಿಸಿದೆ. ಓಡುವುದಿಲ್ಲ. ನಿಮ್ಮ ಹಿಂದೆ ಬರುತ್ತೇವೆ. ಚಿಕ್ಕಮ್ಮ ಮುಂದೆ, ನಾನು ಹಿಂದೆ. ವ್ಯಾಕರಣ ಹೇಗಿತ್ತೋ ದೇವರೇ ಬಲ್ಲ. ಆತ ತಲೆಯಾಡಿಸಿ ಕಾಗದ ಮತ್ತೆ ಮುಂದಿಟ್ಟರು. ಈ ಸಲ ಸಹಿ ಹಾಕಿದೆ.

ಇಳಿದೆವು. ಕೆಳಗೆ ಹೋದಂತೆ ತಣ್ಣಗಾಯಿತು. ಕೊನೆಯ ಮೆಟ್ಟಿಲಿನ ಆಚೆ ಆರು ಮಹಡಿ ಎತ್ತರದ ಕಂಬಗಳು, ಸಾಲು ಸಾಲಾಗಿ, ಮಂದ ಬೆಳಕಿನಲ್ಲಿ. ಎಲ್ಲರ ಫೋನೂ ಮೇಲೆದ್ದಿತು. ಇದನ್ನು ನೆಲದಡಿಯ ದೇವಸ್ಥಾನ ಎಂದು ಕರೆಯುತ್ತಾರೆ ಎಂದು ಗೈಡ್ ಹೇಳಿದ್ದು ನನಗೂ ಅರ್ಥವಾಯಿತು. ಹೆಮ್ಮೆಯಿಂದ ಅನುವಾದಿಸಿದೆ.

“ತೊಟ್ಟಿ ಅಂದ್ರೆ ಇದಕ್ಕೇನು ಅವಮಾನವೇ?” ಎಂದರು ಚಿಕ್ಕಮ್ಮ.

ಅವರು ಕಂಬಗಳನ್ನು ನೋಡುತ್ತಿರಲಿಲ್ಲ. ನೆಲ ನೋಡುತ್ತಿದ್ದರು. ಗೋಡೆಯ ಮೇಲೆ ಹಿಂದಿನ ನೀರು ಬಿಟ್ಟುಹೋದ ಗೆರೆ ನೋಡುತ್ತಿದ್ದರು. ಎಲ್ಲರೂ ಸೆಲ್ಫಿ ಮುಗಿಸುವ ಹೊತ್ತಿಗೆ ನನ್ನ ತೋಳು ಹಿಡಿದು ಗೈಡ್ ಮುಂದೆ ನಿಲ್ಲಿಸಿದರು. ಕೇಳು ಎಂದರು.

ಹೂಳಿಗೆ ಜಪಾನಿ ಭಾಷೆಯಲ್ಲಿ ಏನೆನ್ನುತ್ತಾರೆ? ಹನ್ನೆರಡು ಪದಗಳಲ್ಲಿ ಅದು ಇರಲಿಲ್ಲ. ನಾನು ಕುಕ್ಕರುಗಾಲಿನಲ್ಲಿ ಕೂತು, ನೆಲದ ಮೂಲೆಯಲ್ಲಿದ್ದ ತೆಳು ಕೆಸರನ್ನು ಬೆರಳಿನಿಂದ ಎತ್ತಿ ತೋರಿಸಿದೆ. ಇದು, ಯಾರು, ಹೇಗೆ ಎಂದೆ. ಮನುಷ್ಯರು ಕೆಳಗೆ ಬರುತ್ತಾರಾ ಎಂದೆ.

ಗೈಡ್ ಮೊದಲು ನನ್ನ ಬೆರಳು ನೋಡಿದರು. ಆಮೇಲೆ ಚಿಕ್ಕಮ್ಮನನ್ನು ನೋಡಿದರು. ಅಷ್ಟು ಹೊತ್ತು ಬಾಯಿಪಾಠ ಒಪ್ಪಿಸುತ್ತಿದ್ದ ಮನುಷ್ಯ ಒಮ್ಮೆಲೇ ಬೇರೆಯವರಾದರು. ಬನ್ನಿ ಎಂದು ಕೈ ಮಾಡಿ ನಾಲ್ಕು ಹೆಜ್ಜೆ ನಡೆಸಿ, ಟಾರ್ಚನ್ನು ಮೇಲಕ್ಕೆ ಹಿಡಿದರು. ಚಾವಣಿಯಲ್ಲಿ ಒಂದು ದೊಡ್ಡ ಬಾಯಿ, ಮುಚ್ಚಳ ಹಾಕಿದ್ದು. ಅಲ್ಲಿಂದ ಕ್ರೇನಿನಲ್ಲಿ ಸಣ್ಣ ಬುಲ್ಡೋಜರ್ ಇಳಿಸುತ್ತಾರೆ. ಅದು ಕೆಸರು ದೂಡಿ ಒಟ್ಟು ಮಾಡುತ್ತದೆ. ಮನುಷ್ಯರೂ ಬರುತ್ತಾರೆ. ಆದರೆ ನೀರೆಲ್ಲ ಹೋದ ಮೇಲೆ, ಗಾಳಿ ಸರಿಯಿದೆಯೇ ಎಂದು ಪರೀಕ್ಷಿಸಿದ ಮೇಲೆ, ಈಗ ನಾವು ಇಳಿದ ಇದೇ ಮೆಟ್ಟಿಲಿನಲ್ಲಿ ನಡೆದುಕೊಂಡು. ಇಷ್ಟನ್ನು ಅರ್ಥ ಮಾಡಿಕೊಳ್ಳಲು ನಾನು ಮೂರು ಸಲ ಕೇಳಿದೆ. ಮೂರು ಸಲವೂ ಕೈಯಲ್ಲಿ ಅಭಿನಯಿಸಿ ಹೇಳಿದರು.

ಚಿಕ್ಕಮ್ಮ ತಲೆಯೆತ್ತಿ ಆ ಬಾಯಿಯನ್ನು ನೋಡುತ್ತ ನಿಂತರು.

“ನನ್ನ ಡ್ರಾಯಿಂಗಲ್ಲಿ ಬಾಗಿಲೇ ಇರ್ಲಿಲ್ಲ ವಾಣಿ” ಎಂದರು. “ನೀರು ಬರೋಕೆ ದಾರಿ ಬರೆದಿದ್ದೆ, ಹೋಗೋಕೆ ಬರೆದಿದ್ದೆ. ಕೆಲಸದವರಿಗೆ ಒಂದು ಬಾಗಿಲು ಬರೆದಿರ್ಲಿಲ್ಲ.”

ಸ್ವರದಲ್ಲಿ ದುಃಖವಿತ್ತೋ ಸಂತೋಷವೋ ಗೊತ್ತಾಗಲಿಲ್ಲ. ಎರಡೂ ಇದ್ದಿರಬೇಕು. ಚೀಲದಿಂದ ನೋಟ್‌ಬುಕ್ ತೆಗೆದು, ಅಲ್ಲೇ ನಿಂತು ಚಿತ್ರ ಬರೆದುಕೊಂಡರು. ಗೈಡ್ ಟಾರ್ಚ್ ಹಿಡಿದುಕೊಂಡೇ ಇದ್ದರು.

ಹತ್ತುವುದು ಕಷ್ಟವಾಯಿತು. ಅರ್ಧ ದಾಟಿದ ಮೇಲೆ ಬಲಗಾಲು ಏಳಲೇ ಇಲ್ಲ. ಉಳಿದವರೆಲ್ಲ ಮೇಲೆ ಸೇರಿದ್ದರು. ಚಿಕ್ಕಮ್ಮ ಕಂಬಿ ಹಿಡಿದು ನಿಂತರು, ಹಣೆಯಲ್ಲಿ ಬೆವರು. ನಾನು ಹಿಂದಿನಿಂದ ಸೊಂಟಕ್ಕೆ ಕೈ ಕೊಡಲು ಹೋದರೆ ಸರಕ್ಕನೆ ತಿರುಗಿ ನೋಡಿದರು. ಯಾರ ಸಹಾಯವೂ ಇಲ್ಲದೆ ಅಂತ ರೂಲ್ ಇದೆ, ನೀನೇ ಸಹಿ ಹಾಕಿದ್ದು ಎಂದರು. ಗೈಡ್ ನಮ್ಮಿಂದ ಎರಡು ಮೆಟ್ಟಿಲು ಕೆಳಗೆ ನಿಂತು, ಅವಸರವಿಲ್ಲ ಎಂದರು. ಅದು ನನಗೆ ಒಂದೇ ಸಲಕ್ಕೆ ಅರ್ಥವಾಯಿತು.

ಎಡಗಾಲು ಮೇಲೆ. ಬಲಗಾಲನ್ನು ಎಳೆದು ಅದರ ಪಕ್ಕಕ್ಕೆ. ಉಸಿರು. ಮತ್ತೆ ಎಡಗಾಲು. ಒಂದೊಂದು ಮೆಟ್ಟಿಲಿಗೆ ಒಂದೊಂದು ನಿಮಿಷ ಹಿಡಿಯಿತೋ ಏನೋ. ಮೇಲೆ ಬಿಸಿಲಿಗೆ ಬಂದಾಗ ಹದಿನೆಂಟು ಜನರೂ ಹೋಗದೆ ನಿಂತಿದ್ದರು. ಚಪ್ಪಾಳೆ ಇಲ್ಲ, ಕೂಗಿಲ್ಲ. ಒಬ್ಬ ಹೆಂಗಸು ತಣ್ಣನೆಯ ಟೀ ಬಾಟಲಿ ತೆರೆದು ಕೊಟ್ಟರು. ಗೈಡ್ ಹೆಲ್ಮೆಟ್ ತೆಗೆದು ಚಿಕ್ಕಮ್ಮನಿಗೆ ತಲೆ ಬಾಗಿಸಿದರು. ಇವರು ಊರಲ್ಲಿ ಏನು ಕೆಲಸದಲ್ಲಿದ್ದರು ಎಂದು ನನ್ನನ್ನು ಕೇಳಿದರು. ನಾನು ಈ ಸಲ ಮಾತು ಬದಲಿಸಲಿಲ್ಲ.

ಇದಾಗಿ ಎರಡು ತಿಂಗಳು. ಚಿಕ್ಕಮ್ಮ ಊರಿಗೆ ಹೋದ ವಾರವೇ ಹಳೆಯ ಡ್ರಾಯಿಂಗ್ ತೆಗೆದು ಹೊಸದಾಗಿ ಬರೆದರು. ಅಷ್ಟು ದೊಡ್ಡದು ಬೇಡ, ನಮ್ಮ ಕೇರಿಗೆ ಸಣ್ಣದೊಂದು ಸಾಕು ಎನ್ನುತ್ತಾರೆ. ಮೇಲೆ ಯಂತ್ರ ಇಳಿಸುವ ಬಾಯಿ, ಪಕ್ಕದಲ್ಲಿ ಮನುಷ್ಯರು ತಲೆಯೆತ್ತಿ ನಡೆದು ಇಳಿಯುವಂಥ ಮೆಟ್ಟಿಲು. ಪ್ರತಿ ಸೋಮವಾರ ಅದನ್ನು ಹಿಡಿದು ನಗರಸಭೆಗೆ ಹೋಗುತ್ತಾರೆ. ಮೊದಲ ಸಲ ಸಾಹೇಬರು ಮೀಟಿಂಗಿನಲ್ಲಿದ್ದರು. ಎರಡನೆಯ ಸಲವೂ. ಮೂರನೆಯ ಸಲ ಸಿಕ್ಕರು, ಫ್ಯೂಜಿ ಹೇಗಿತ್ತು ಎಂದು ವಿಚಾರಿಸಿದರು. ಏಳನೆಯ ಸಲ, ಹೊಸದಾಗಿ ಸೇರಿದ ಕಿರಿಯ ಎಂಜಿನಿಯರ್ ಒಬ್ಬಳು ಹೊರಗೆ ಬಂದು, ಡ್ರಾಯಿಂಗಿನ ಒಂದು ಕಾಪಿ ಕೊಡ್ತೀರಾ ಮೇಡಂ ಎಂದು ಕೇಳಿದಳಂತೆ. ಅವಳ ಜೊತೆ ಕೇರಿಗೆ ಹೋಗಿ, ಟೇಪ್ ಹಿಡಿದು ಮತ್ತೆ ಅಳತೆ ತೆಗೆದಿದ್ದಾರೆ. ಮಂಜೂರಾತಿ? ಇನ್ನೂ ಇಲ್ಲ. ಮುಂದಿನ ಸೋಮವಾರ ಇದೆಯಲ್ಲ ಎನ್ನುತ್ತಾರೆ.

ನಾನು ಶನಿವಾರ ಬೆಳಗ್ಗೆ ಜಪಾನೀಸ್ ಕ್ಲಾಸಿಗೆ ಸೇರಿದ್ದೇನೆ. ನನ್ನ ಬೆಂಚಿನಲ್ಲಿ ಕೂರುವವರಿಗೆಲ್ಲ ನನ್ನ ಅರ್ಧ ವಯಸ್ಸು. ಪರವಾಗಿಲ್ಲ.

ಈಗೀಗ ‘ಆಫ್‌ಬೀಟ್’ ಎನ್ನುವುದೂ ಒಂದು ಪ್ಯಾಕೇಜ್ ಆಗಿದೆ. ಯಾರೂ ನೋಡದ ಹತ್ತು ಜಾಗಗಳು ಎಂಬ ಲಿಸ್ಟ್ ಹಿಡಿದು ಎಲ್ಲರೂ ಆ ಹತ್ತೇ ಜಾಗಕ್ಕೆ ಹೋಗುತ್ತಾರೆ. ಹೋಗಲಿ, ನೋಡಲಿ, ಹುಳು, ಕಲ್ಲು, ತೊಟ್ಟಿ ಎಲ್ಲವೂ ನೋಡುವಂಥವೇ. ಆದರೆ ಜಾಗ ವಿಚಿತ್ರವಾದರೆ ಸಾಲದು, ಹೋದವರಿಗೆ ಅಲ್ಲಿ ಏನೋ ಒಂದು ಬೇಕಾಗಿರಬೇಕು. ಹಾಗಾಗಿ ಇನ್ನು ಮುಂದೆ ಏಳು ದಿನದ ಟ್ರಿಪ್ಪಿನ ಮೇಲ್ ಬಂದರೆ ನಾನು ಲಿಸ್ಟ್ ಕಳಿಸುವುದಿಲ್ಲ, ತಿರುಗಿ ಒಂದು ಸಾಲು ಬರೆಯುತ್ತೇನೆ:

ಅಷ್ಟು ದೂರ ಬರುತ್ತಿದ್ದೀರಲ್ಲ, ನಿಮಗೆ ಇಲ್ಲಿ ಕೇಳಬೇಕಾದದ್ದು ಏನಿದೆ?